ಹಳೇ ಗೆಟವೇ ಪಿಕಪ್: ಏರಿನಲ್ಲಿ ಹೀಟ್, ಕೆಸರಿನಲ್ಲಿ ಒಂದೇ ಚಕ್ರ. ಮೊದಲು ಯಾವುದಕ್ಕೆ ದುಡ್ಡು ಹಾಕಲಿ?

ಮಾದಾಪುರ ತೋಟ:

ಎಲ್ಲರಿಗೂ ನಮಸ್ಕಾರ. ಗಾಡಿ 2010ರ ಸ್ಕಾರ್ಪಿಯೋ ಗೆಟವೇ, 2.6 ಸಿಆರ್‌ಡಿಇ ಡೀಸೆಲ್ ಇಂಜಿನ್, ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಬಲ). ಎರಡು ತೊಂದರೆ ಇದೆ. ಜೂನ್ ಮಳೆ ಹಿಡಿಯುವ ಮೊದಲು ಒಂದನ್ನಾದರೂ ಸರಿ ಮಾಡಲೇಬೇಕು.

ನಮ್ಮ ತೋಟದ ಹಳೇ ದಾರಿ 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಹೋಯಿತು. ಈಗಿರುವುದು ಇನ್ನೊಂದು ಮಗ್ಗುಲಲ್ಲಿ ಕಡಿದ ದಾರಿ. ಕೆಂಪು ಜೇಡಿ ಮಣ್ಣು, ಕಡಿದಾದ ಏರು, ನಡುವೆ ಕೆಳಗಡೆಗೆ ವಾಲಿದ ಒಂದು ತಿರುವು. ಗೊಬ್ಬರದ ಮೂಟೆ ಹೇರಿಕೊಂಡು ಹತ್ತಿದರೆ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟುತ್ತದೆ. ಮೇಲೆ ಕಣದಲ್ಲಿ ನಿಲ್ಲಿಸಿ ಐಡಲ್ ಬಿಟ್ಟರೂ ಬೇಗ ಇಳಿಯುವುದಿಲ್ಲ. ಅದೇ ಗಾಡಿ ಕುಶಾಲನಗರಕ್ಕೆ ಹೋಗುವಾಗ ಡಾಂಬರಿನಲ್ಲಿ ಏನೂ ತೊಂದರೆ ಕೊಡುವುದಿಲ್ಲ. ಒಂದು ಗ್ಯಾರೇಜಿನಲ್ಲಿ ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತೇ ಬಿಟ್ಟರು. ಈಗ ಬೆಳಿಗ್ಗೆ ಇಂಜಿನ್ ಬಿಸಿಯಾಗಲು ತುಂಬಾ ಹೊತ್ತು ಬೇಕು, ಏರಿನಲ್ಲಿ ಹೀಟ್ ಆಗುವುದು ಮಾತ್ರ ಹಾಗೇ ಇದೆ.

ಎರಡನೆಯದು, ಹೂ ಮಳೆ (ಕಾಫಿ ಹೂ ಬಿಡುವ ಬೇಸಿಗೆ ಮಳೆ) ಬಿದ್ದಾಗಲೇ ಆ ತಿರುವಿನಲ್ಲಿ ಹಿಂದಿನ ಒಂದು ಚಕ್ರ ಸುಮ್ನೆ ಸುತ್ತುತ್ತದೆ, ಇನ್ನೊಂದು ಅಲ್ಲಾಡುವುದಿಲ್ಲ. ಒಬ್ಬರು ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ವೆಲ್ಡ್ ಮಾಡಿಸಿ ಅಂತಾರೆ. ಇನ್ನೊಬ್ಬರು ಹಿಂದೆ ಮುಂದೆ ಎರಡಕ್ಕೂ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಕಟ್ಟುವ ಸಾಧನ) ಹಾಕಿ, ಜೊತೆಗೆ ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿ ಅಂತಾರೆ. ಎಲ್ಲವನ್ನೂ ಒಟ್ಟಿಗೆ ಮಾಡಿಸುವಷ್ಟು ದುಡ್ಡು ಇಲ್ಲ. ಯಾವುದು ಮೊದಲು?

ಸುಂಟಿಕೊಪ್ಪ ಡೀಸೆಲ್:

ಮೊದಲು ಕೂಲಿಂಗ್. ಅದರಲ್ಲಿ ಅನುಮಾನವೇ ಬೇಡ. ಲಾಕರ್ ಇಲ್ಲದಿದ್ದರೆ ಗಾಡಿ ಹೂತುಕೊಳ್ಳುತ್ತದೆ, ಎಳೆಸಿಕೊಳ್ಳಬಹುದು. ಹೀಟ್ ಆಗಿ ಇಂಜಿನ್ನಿನ ಮೇಲ್ಭಾಗದ ಹೆಡ್ ಬೆಂಡ್ ಆದರೆ ಮಳೆಗಾಲ ಪೂರ್ತಿ ಗಾಡಿ ಗ್ಯಾರೇಜಿನಲ್ಲಿ. ಆದರೆ ಹೊಸ ರೇಡಿಯೇಟರ್ ಈಗಲೇ ತರಬೇಡಿ.

ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಡಾಂಬರಿನಲ್ಲಿ ವೇಗವಾಗಿ ಓಡುವಾಗ ಹೀಟ್ ಆಗಿದ್ದರೆ ರೇಡಿಯೇಟರ್ ಒಳಗೆ ಕಟ್ಟಿದೆಯೋ, ವಾಟರ್ ಪಂಪ್ ಸೋತಿದೆಯೋ ಅಂತ ನೋಡಬೇಕಿತ್ತು. ನಿಮ್ಮದು ನಿಧಾನ ಹೋಗುವಾಗ, ನಿಂತಾಗ ಮಾತ್ರ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಧಾನ ಏರಿನಲ್ಲಿ ಗಾಳಿ ಎಳೆಯುವುದು ಫ್ಯಾನ್ ಒಂದೇ. ಹಾಗಾಗಿ ನನ್ನ ಅನುಮಾನ ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಎಣ್ಣೆಯ ಕ್ಲಚ್ ಹಿಡಿದು ಜೋರಾಗಿ ತಿರುಗುವ ಫ್ಯಾನ್) ಮೇಲೆ, ಆಮೇಲೆ ರೇಡಿಯೇಟರ್ ಮುಂದೆ ಕಟ್ಟಿಕೊಂಡ ಮಣ್ಣಿನ ಮೇಲೆ.

ಹೀಗೆ ನೋಡಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಬಿಗಿ ಹಿಡಿತ ಗೊತ್ತಾಗಬೇಕು. ಬಿಟ್ಟರೆ ತಾನೇ ನಾಲ್ಕೈದು ಸುತ್ತು ಹೋದರೆ ವಿಸ್ಕಸ್ ಕ್ಲಚ್ ಸತ್ತಿದೆ ಅಂತ ಅರ್ಥ. ಅದರ ಒಳಗಿನ ಸಿಲಿಕಾನ್ ಎಣ್ಣೆ ಸೋರಿದ್ದರೆ ಹಬ್ ಮೇಲೆ ಕಪ್ಪು ಜಿಡ್ಡಿನ ಗೆರೆ ಕಾಣುತ್ತದೆ. ಮುಂಭಾಗದಲ್ಲಿ ಸಣ್ಣ ಲೋಹದ ಸುರುಳಿ ಇದೆಯಲ್ಲ, ರೇಡಿಯೇಟರ್ ದಾಟಿ ಬರುವ ಗಾಳಿಯ ಬಿಸಿ ಗೊತ್ತಾಗುವುದು ಅದಕ್ಕೆ. ಅದರ ಮೇಲೆ ಮಣ್ಣು ಒಣಗಿ ಕೂತಿದ್ದರೆ ಒಳ್ಳೆಯ ಕ್ಲಚ್ ಕೂಡ ತಡವಾಗಿ ಹಿಡಿಯುತ್ತದೆ. ಫ್ಯಾನ್ ಸುತ್ತ ಇರುವ ಪ್ಲಾಸ್ಟಿಕ್ ಶ್ರೌಡ್ ಒಡೆದಿದೆಯಾ ಅಂತಲೂ ನೋಡಿ. ಅದು ಇಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಎಳೆಯುವ ಬದಲು ಪಕ್ಕದ ಗಾಳಿಯನ್ನೇ ಸುತ್ತಿಸುತ್ತದೆ.

ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಹಾಕಿ ನೋಡಿ. ಹೊರಗಿನಿಂದ ಚೊಕ್ಕಟ ಕಾಣುತ್ತದೆ, ಒಳಗೆ ಸಿಲ್ವರ್ ಓಕ್ ಎಲೆ, ಹುಲ್ಲಿನ ಬೀಜ, ಕೆಂಪು ಮಣ್ಣು ಸೇರಿ ಗೋಡೆಯಾಗಿರುತ್ತದೆ. ತೋಟದ ಗಾಡಿಗಳಲ್ಲಿ ಇದು ಮಾಮೂಲು. ತೊಳೆಯುವಾಗ ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಿ, ಸಾದಾ ಪೈಪಿನಲ್ಲಿ. ಸರ್ವಿಸ್ ಸ್ಟೇಷನ್ ಪ್ರೆಷರ್ ಗನ್ ಹತ್ತಿರ ಹಿಡಿದರೆ ಫಿನ್ನುಗಳು ಮಡಚಿ ಇದ್ದ ದಾರಿಯೂ ಮುಚ್ಚುತ್ತದೆ.

ಥರ್ಮೋಸ್ಟ್ಯಾಟ್ ವಾಪಸ್ ಹಾಕಿಸಿ, ದಯವಿಟ್ಟು. ಇದನ್ನು ಕಿತ್ತು ಬಿಸಾಕುವುದು ಎಲ್ಲಾ ಕಡೆ ರೂಢಿಯಾಗಿದೆ, ನನಗೆ ಇದು ನಿಜಕ್ಕೂ ಬೇಸರ ತರಿಸುತ್ತದೆ. ಅನೇಕ ಇಂಜಿನ್‌ಗಳಲ್ಲಿ ಬಿಸಿಯಾದ ಮೇಲೆ ಬೈಪಾಸ್ ದಾರಿಯನ್ನು ಮುಚ್ಚುವುದು ಇದೇ ಥರ್ಮೋಸ್ಟ್ಯಾಟ್. ಅದಿಲ್ಲದಿದ್ದರೆ ಸ್ವಲ್ಪ ಬಿಸಿ ನೀರು ರೇಡಿಯೇಟರ್ ಮುಟ್ಟದೆ ಮತ್ತೆ ಇಂಜಿನ್ನಿಗೇ ಹೋಗುತ್ತದೆ. ತಣ್ಣಗಿರುವಾಗ ಇಂಜಿನ್ ಸವೆಯುವುದೂ ಜಾಸ್ತಿ, ಡೀಸೆಲ್ ಕುಡಿಯುವುದೂ ಜಾಸ್ತಿ.

ರೇಡಿಯೇಟರ್ ಕ್ಯಾಪ್ ಕೂಡ ಬದಲಿಸಿ. ನಮ್ಮ ಎತ್ತರದಲ್ಲಿ, ಅಂದರೆ ಸಾವಿರ ಮೀಟರ್ ಮೇಲೆ, ತೆರೆದ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಒಂದು ಬಾರ್ ಹತ್ತಿರ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ ಬರೀ ನೀರು ಕೂಡ 115 ಡಿಗ್ರಿವರೆಗೆ ತಡೆಯುತ್ತದೆ. ರಬ್ಬರ್ ಬಿರಿದ ಕ್ಯಾಪ್‌ನಲ್ಲಿ ಆ ರಕ್ಷಣೆ ಇಲ್ಲ. ಇಂಜಿನ್ ತಣ್ಣಗಿದ್ದಾಗ ಮಾತ್ರ ಬಿಚ್ಚಿ.

ಕೊನೆಗೆ ಒಂದು ಪ್ರಶ್ನೆ. ಆ ಏರನ್ನು ಫೋರ್ ಹೈನಲ್ಲಿ (ನಾಲ್ಕು ಚಕ್ರ, ಮಾಮೂಲಿ ಗೇರ್) ಹತ್ತುತ್ತೀರಾ, ಫೋರ್ ಲೋನಲ್ಲಾ (ನಾಲ್ಕು ಚಕ್ರ, ಇನ್ನೂ ನಿಧಾನದ ಗೇರ್)?

ವಿರಾಜಪೇಟೆ ಜೀಪ್:

ವೆಲ್ಡ್ ಬಗ್ಗೆ ಮಾತ್ರ ಹೇಳುತ್ತೇನೆ. ತೋಟ ಬಿಟ್ಟು ಹೊರಗೆ ಬರದ ಜೀಪಿಗೆ ಡಿಫರೆನ್ಷಿಯಲ್ ಒಳಗಿನ ಸ್ಟಾರ್ ಗೇರ್ ವೆಲ್ಡ್ ಮಾಡಿದರೆ ನಡೆಯುತ್ತದೆ. ನಿಮ್ಮ ಗಾಡಿ ಕುಶಾಲನಗರಕ್ಕೂ ಹೋಗಬೇಕು. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ವೆಲ್ಡ್ ಆದರೆ ಆಗುವುದಿಲ್ಲ. ಟೈರ್ ಉಜ್ಜಿ ಹೋಗುತ್ತದೆ, ಆಕ್ಸಲ್ ಶಾಫ್ಟ್ ತಿರುಚುತ್ತದೆ, ಒದ್ದೆ ಘಾಟಿಯಲ್ಲಿ ಗಾಡಿ ನೇರಕ್ಕೇ ಹೋಗಲು ನೋಡುತ್ತದೆ. ಬೇಡ.

ಟೈರ್ ಯಾವುದು ಅಂತ ಬರೆದಿಲ್ಲವಲ್ಲ? ನಮ್ಮ ಕಡೆ ಮಳೆಗಾಲದಲ್ಲಿ ಹಿಂದಿನ ಚಕ್ರಕ್ಕೆ ಚೈನ್ ಕಟ್ಟುತ್ತೇವೆ. ಜೇಡಿ ಮಣ್ಣಿಗೆ ಅದರಷ್ಟು ಹಿಡಿತ ಕೊಡುವುದು ಬೇರೆ ಇಲ್ಲ. ಡಾಂಬರು ಬಂದ ಕೂಡಲೇ ಬಿಚ್ಚಬೇಕು, ಅಷ್ಟೇ.

ಮಾದಾಪುರ ತೋಟ:

ಸುಂಟಿಕೊಪ್ಪ ಅಣ್ಣ, ನೀವು ಹೇಳಿದ ಹಾಗೇ ಇತ್ತು. ಸಂದಿಯಲ್ಲಿ ಎಲೆ, ಮಣ್ಣು ಕಟ್ಟಿ ಗಟ್ಟಿಯಾಗಿತ್ತು. ಫ್ಯಾನ್ ಬಿಸಿಯಲ್ಲೂ ಸಲೀಸಾಗಿ ತಿರುಗಿತು, ಹಬ್ ಮೇಲೆ ಕಪ್ಪು ಜಿಡ್ಡು. ಕ್ಯಾಪ್‌ನ ರಬ್ಬರ್ ಬಿರಿದಿತ್ತು. ವಿಸ್ಕಸ್ ಕ್ಲಚ್, ಥರ್ಮೋಸ್ಟ್ಯಾಟ್, ಕ್ಯಾಪ್ ಹೊಸದು ಹಾಕಿಸಿದೆ. ಹಳೇ ಕೂಲಂಟ್ ಪೂರ್ತಿ ತೆಗೆದು ತೊಳೆಸಿ ಹೊಸದು ತುಂಬಿಸಿದೆ. ಈಗ ಲೋಡ್ ಇದ್ದರೂ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ, ಕಣದಲ್ಲಿ ನಿಲ್ಲಿಸಿದರೆ ಇಳಿಯುತ್ತದೆ.

ಏರು ಹತ್ತುತ್ತಿದ್ದದ್ದು ಫೋರ್ ಹೈ, ಫಸ್ಟ್ ಗೇರಿನಲ್ಲಿ. ಟೈರ್ ಮಾಮೂಲಿ ರೋಡ್ ಟೈರ್, ಅರ್ಧ ಸವೆದಿದೆ. ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಹೋಗಿರಬಹುದಾ ಅಂತ ಇನ್ನೂ ಒಂದು ಹೆದರಿಕೆ ಇದೆ. ಲಾಕರ್ ವಿಷಯ ಈಗ ಹೇಳಿ.

ಸುಂಟಿಕೊಪ್ಪ ಡೀಸೆಲ್:

ಗ್ಯಾಸ್ಕೆಟ್ ಹೆದರಿಕೆ ತೀರಿಸಿಕೊಳ್ಳುವುದು ಸುಲಭ. ಬೆಳಿಗ್ಗೆ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ಒಂದೇ ಸಮನೆ ಬರುತ್ತಿದ್ದರೆ ತೊಂದರೆ. ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿದಾಗ ನೀರು ಬಿಸಿಯಾಗುವ ಮೊದಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೂ ತೊಂದರೆ. ಎರಡೂ ಇಲ್ಲದಿದ್ದರೆ ಹೆಚ್ಚಾಗಿ ಹೆದರಬೇಕಿಲ್ಲ. ಕೂಲಂಟ್ ಕಡಿಮೆಯಾದರೆ ತೋಡಿನ ನೀರು, ಬೋರ್ ನೀರು ಹಾಕಬೇಡಿ. ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ಗಾಡಿಯಲ್ಲೇ ಇರಲಿ.

ಇನ್ನು ಮುಂದೆ ಆ ಏರಿಗೆ ಫೋರ್ ಲೋ. ಗಾಡಿ ಅದೇ ನಿಧಾನದಲ್ಲಿ ಹೋದರೂ ಇಂಜಿನ್ ಹೆಚ್ಚು ಆರ್‌ಪಿಎಂನಲ್ಲಿ ಹಗುರವಾಗಿ ತಿರುಗುತ್ತದೆ. ಅದರ ಜೊತೆ ವಾಟರ್ ಪಂಪ್, ಫ್ಯಾನ್ ಕೂಡ ಜೋರಾಗಿ ತಿರುಗುತ್ತವೆ. ಕ್ಲಚ್ ಉಜ್ಜುವುದೂ ತಪ್ಪುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಲಾಕರ್‌ಗೆ ಮೊದಲು ಒಂದು ಪರೀಕ್ಷೆ. ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಡಿ. ಒಂದು ಚಕ್ರ ತಿರುಗಿಸಿದಾಗ ಇನ್ನೊಂದು ಸುಲಭವಾಗಿ ಉಲ್ಟಾ ತಿರುಗಿದರೆ ಹೆಚ್ಚಾಗಿ ಓಪನ್, ಅಂದರೆ ಲಾಕ್ ಇಲ್ಲದ ಮಾಮೂಲಿ ಡಿಫರೆನ್ಷಿಯಲ್. ಒಂದೇ ದಿಕ್ಕಿಗೆ ತಿರುಗಿದರೆ ಒಳಗೆ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುತ್ತುವುದನ್ನು ಸ್ವಲ್ಪ ತಡೆಯುವ ಜೋಡಣೆ) ಇದೆ ಅಂತ. ಅದೇ ಹೊತ್ತಿಗೆ ಡಿಫರೆನ್ಷಿಯಲ್ ಎಣ್ಣೆ ಸ್ವಲ್ಪ ತೆಗೆದು ನೋಡಿ. ಹಾಲಿನ ಬಣ್ಣ ಇದ್ದರೆ ನೀರು ಹೋಗಿದೆ.

ಮಾದಾಪುರ ತೋಟ:

ಉಲ್ಟಾ ತಿರುಗಿತು. ಎಣ್ಣೆ ಹಾಲು ಬೆರೆಸಿದ ಕಾಫಿ ಬಣ್ಣ! ಗುಳ್ಳೆ ಬರಲಿಲ್ಲ, ಹೋಸ್ ಮೆತ್ತಗಿತ್ತು.

ಸುಂಟಿಕೊಪ್ಪ ಡೀಸೆಲ್:

ಹೊಳೆಯೋ ತೋಡೋ ದಾಟುವಾಗ ನೀರು ಹೋಗಿರಬೇಕು. ಬಿಸಿ ಡಿಫರೆನ್ಷಿಯಲ್ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಬ್ರೀದರ್ (ಅದಕ್ಕೆ ಗಾಳಿ ಆಡುವ ಕಿಂಡಿ) ಮಣ್ಣಿನಿಂದ ಕಟ್ಟಿದ್ದರೆ ಸೀಲ್ ಮೂಲಕವೇ ನೀರು ಎಳೆಯುತ್ತದೆ. ಎಣ್ಣೆ ಬದಲಿಸಿ, ಜಿಎಲ್-5 ದರ್ಜೆಯದು, ದಪ್ಪ ಎಷ್ಟಿರಬೇಕು ಅಂತ ಗಾಡಿಯ ಪುಸ್ತಕದಲ್ಲಿರುತ್ತದೆ. ಬ್ರೀದರ್‌ಗೆ ಉದ್ದ ಹೋಸ್ ಹಾಕಿ ಬಾಡಿ ಎತ್ತರಕ್ಕೆ ಒಯ್ದು ಕಟ್ಟಿ. ಹೊಸ ಲಾಕರ್ ಈ ನೀರೆಣ್ಣೆಯಲ್ಲಿ ಹಾಕಿದ್ದರೆ ಪಾಡು ಏನಾಗುತ್ತಿತ್ತು ಯೋಚಿಸಿ.

ಈ ಮಳೆಗಾಲಕ್ಕೆ ಟೈರ್ ಮತ್ತು ಚೈನ್ ಸಾಕು ಅಂತ ನನ್ನ ಅಭಿಪ್ರಾಯ. ರೋಡ್ ಟೈರಿನ ಗೀರುಗಳಲ್ಲಿ ಜೇಡಿ ತುಂಬಿದ ಮೇಲೆ ಎರಡೂ ಚಕ್ರ ಲಾಕ್ ಆದರೂ ಎರಡೂ ಜಾರುತ್ತವೆ, ಅಷ್ಟೇ ವ್ಯತ್ಯಾಸ. ನಿಮ್ಮ ಆ ವಾಲಿದ ತಿರುವಿನಲ್ಲಿ ಅದು ಅಪಾಯ ಕೂಡ. ಓಪನ್ ಇದ್ದಾಗ ನಿಂತ ಚಕ್ರ ಗಾಡಿಯ ಹಿಂಭಾಗವನ್ನು ಹಿಡಿದಿಡುತ್ತದೆ. ಎರಡೂ ಸುತ್ತಿದರೆ ಹಿಂಭಾಗ ಕೆಳಗಡೆಗೆ ಜಾರುತ್ತದೆ. ಒಂದೇ ಚಕ್ರ ಸುತ್ತತೊಡಗಿದಾಗ ಹ್ಯಾಂಡ್‌ಬ್ರೇಕನ್ನು ಒಂದೆರಡು ಹಲ್ಲು ಎಳೆದು ಸಣ್ಣ ಆಕ್ಸಲರೇಟರ್ ಕೊಟ್ಟು ನೋಡಿ. ಸುತ್ತುವ ಚಕ್ರಕ್ಕೆ ತಡೆ ಸಿಕ್ಕಿ ಇನ್ನೊಂದಕ್ಕೂ ಬಲ ಹೋಗುತ್ತದೆ.

ಮಳೆಗಾಲ ಮುಗಿದು ದುಡ್ಡು ಕೂಡಿದ ಮೇಲೆ ಲಾಕರ್ ಹಾಕುವುದಾದರೆ ಹಿಂದೆ ಮಾತ್ರ, ಬೇಕಾದಾಗ ಸ್ವಿಚ್‌ನಿಂದ ಲಾಕ್ ಮಾಡುವಂಥದ್ದು, ಗಾಳಿಯದ್ದಾಗಲಿ ಕರೆಂಟಿನದ್ದಾಗಲಿ. ತಾನಾಗಿ ಲಾಕ್ ಆಗುವ ಪೂರ್ತಿ ಆಟೋಮ್ಯಾಟಿಕ್ ಲಾಕರ್ ಒದ್ದೆ ಸಂಪಾಜೆ ಘಾಟಿಯಲ್ಲಿ ಬೇಡ. ತಿರುವಿನ ಮಧ್ಯೆ ಆಕ್ಸಲರೇಟರ್ ಬಿಟ್ಟು ಒತ್ತಿದಾಗ ಹಿಂಭಾಗ ಎಳೆದಾಡುತ್ತದೆ.

ವಿರಾಜಪೇಟೆ ಜೀಪ್:

ಥಾರ್‌ನಲ್ಲಿ ಬರುವ ಲಾಕರ್ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. 2015ರಿಂದ ಥಾರ್ ಸಿಆರ್‌ಡಿಇಗೆ ಕಂಪನಿಯಿಂದಲೇ ಹಿಂದೆ ಮೆಕ್ಯಾನಿಕಲ್ ಲಾಕರ್ ಬಂತಲ್ಲ, ಅದು ಹೇಗಿರುತ್ತದೆ?

ಸುಂಟಿಕೊಪ್ಪ ಡೀಸೆಲ್:

ಒಳ್ಳೆಯ ಸಾಧನ. ಎರಡು ಚಕ್ರಗಳ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಲಾಕ್ ಆಗುತ್ತದೆ, ಸುಮಾರು 30 ಕಿಲೋಮೀಟರ್ ವೇಗದ ಮೇಲೆ ಲಾಕ್ ಆಗುವುದಿಲ್ಲ. ಹಾಗಾಗಿ ಘಾಟಿಯಲ್ಲಿ ಅದರ ಕಾಟ ಕಡಿಮೆ. ಆದರೆ ಚಕ್ರ ಸ್ವಲ್ಪ ಸುತ್ತಿದ ಮೇಲೇ ಹಿಡಿಯುವುದು. ಜೇಡಿ ಮಣ್ಣಿನಲ್ಲಿ ಅಷ್ಟರಲ್ಲಿ ಗುಂಡಿ ಬಿದ್ದಿರುತ್ತದೆ. ಸೆಕೆಂಡ್ ಹ್ಯಾಂಡ್ ಸಿಕ್ಕಿತು ಅಂತ ಕೊಳ್ಳಬೇಡಿ. ಆಕ್ಸಲ್ ಶಾಫ್ಟಿನ ಸ್ಪ್ಲೈನ್ ಹಲ್ಲು, ಕ್ರೌನ್ (ಡಿಫರೆನ್ಷಿಯಲ್ಲಿನ ದೊಡ್ಡ ಗೇರ್) ಬೋಲ್ಟಿನ ಅಳತೆ, ಬೇರಿಂಗ್, ಗೇರ್ ಅನುಪಾತ ಎಲ್ಲವೂ ಕೂಡಿಬರಬೇಕು. ಶಾಫ್ಟ್ ಹೊರಗೆ ಎಳೆದು ಹಲ್ಲು ಎಣಿಸಿದ ಮೇಲೇ ಆರ್ಡರ್ ಮಾಡಿ.

ಮಾದಾಪುರ ತೋಟ:

ಮುಂದಕ್ಕೂ ಒಂದು ಹಾಕಿದರೆ ಹೇಗೆ ಅಣ್ಣ?

ಸುಂಟಿಕೊಪ್ಪ ಡೀಸೆಲ್:

ಬೇಡ. ನಿಮ್ಮದು ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್. ಲಾಕ್ ಹಾಕಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಬಲ ಕೊಟ್ಟರೆ ಸಿವಿ ಜಾಯಿಂಟ್ (ಚಕ್ರ ಹೊರಳಿದರೂ ಬಲ ಒಯ್ಯುವ ಕೀಲು) ಮುರಿಯಬಹುದು. ಮೊದಲೇ ತಿರುವಿನ ದಾರಿ ನಿಮ್ಮದು.

ಹಿಂದಿನದನ್ನು ಹಾಕಿಸುವಾಗ ಕ್ರೌನ್ ಪಿನಿಯನ್ ಸೆಟ್ಟಿಂಗ್ ಗೊತ್ತಿರುವವರ ಹತ್ತಿರ ಮಾತ್ರ ಹೋಗಿ. ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ಅಳೆಯುತ್ತಾರಾ, ಹಲ್ಲಿಗೆ ಬಣ್ಣ ಹಚ್ಚಿ ಎಲ್ಲಿ ತಾಗುತ್ತದೆ ಅಂತ ನೋಡುತ್ತಾರಾ ಅಂತ ಮೊದಲೇ ಕೇಳಿ. ಕೈಯಲ್ಲಿ ಅಲ್ಲಾಡಿಸಿ ಸರಿ ಇದೆ ಅನ್ನುವವರಾದರೆ ಗಾಡಿ ವಾಪಸ್ ತನ್ನಿ. ಹಾಕಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಲೋಡ್ ಹೇರದೆ ಓಡಿಸಿ, ಆಮೇಲೆ ಆ ಎಣ್ಣೆ ಇಳಿಸಿ ಹೊಸದು ತುಂಬಿ.