ನೀತಿ ಅಧ್ಯಯನದಲ್ಲಿ ಮಾನವಶಾಸ್ತ್ರ: ಆರು ವಾರದಲ್ಲಿ ಏನು ಮಾಡಬಹುದು?

ಪ್ರಶ್ನೆ

ಸಾರ್ವಜನಿಕ ನೀತಿ ಓದುತ್ತಿದ್ದೇನೆ, ಜೊತೆಗೆ ಸಾಂಸ್ಕೃತಿಕ ಮಾನವಶಾಸ್ತ್ರದ ಪರಿಚಯ ಪತ್ರಿಕೆಯೂ ಇದೆ. ಬಂಧುತ್ವ, ವಿನಿಮಯ, ಆಚರಣೆ, ಎಮಿಕ್-ಎಟಿಕ್ (ಒಳಗಿನವರ ನೋಟ, ಹೊರಗಿನವರ ಅಳತೆ) ಎಲ್ಲವೂ ಪಾಠದಲ್ಲಿ ಅರ್ಥವಾಗುತ್ತವೆ. ಒಂದು ಯೋಜನೆಯನ್ನು ಎದುರಿಗಿಟ್ಟುಕೊಂಡು ಕೂತಾಗ ಮಾತ್ರ ಇವನ್ನು ಎಲ್ಲಿ ಹಚ್ಚಬೇಕೋ ತಿಳಿಯುವುದಿಲ್ಲ. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿಯ ಹಾಗೆ ವರ್ಷಗಟ್ಟಲೆ ದ್ವೀಪದಲ್ಲಿ ಕೂರುವಂತಿಲ್ಲ, ನನಗಿರುವುದು ಆರು ವಾರ. ಎಷ್ಟು ಸಂದರ್ಶನ ಸಾಕು? ವರದಿಯಲ್ಲಿ ‘ಸಾಂಸ್ಕೃತಿಕ ಅಂಶಗಳು’ ಅಂತ ಒಂದು ಅಧ್ಯಾಯ ಸೇರಿಸಿದರೆ ಆಯಿತೇ?

ಉತ್ತರ 1

ಪ್ರತ್ಯೇಕ ಅಧ್ಯಾಯ ಬೇಡವೇ ಬೇಡ, ಅದನ್ನು ಯಾರೂ ಓದುವುದಿಲ್ಲ. ಯೋಜನೆಯ ಮಾರ್ಗಸೂಚಿಯನ್ನು ಕೈಗೆತ್ತಿಕೊಂಡು ಅದರಲ್ಲಿರುವ ಸಾದಾ ಪದಗಳಿಗೆ ಗೆರೆ ಎಳೆಯಿರಿ: ಕುಟುಂಬ, ಯಜಮಾನ, ಕೆಲಸ, ಒಡೆತನ, ಮರ. ಒಂದೊಂದರ ಎದುರು ಎರಡು ಕಲಂ ಮಾಡಿ. ದಾಖಲೆ ಇದನ್ನು ಹೇಗೆ ಅಳೆಯುತ್ತದೆ, ಜನ ಇದನ್ನು ಹೇಗೆ ಗುರುತಿಸುತ್ತಾರೆ. ಎಟಿಕ್, ಎಮಿಕ್ ಅಂತ ನೀವು ಓದಿದ್ದು ಇದನ್ನೇ.

‘ಕುಟುಂಬ’ವನ್ನೇ ತೆಗೆದುಕೊಳ್ಳಿ. ಒಂದು ಮನೆಯಲ್ಲಿ ಕೂತು ಮೂರು ಪಟ್ಟಿ ಬರೆಯಿರಿ: ಒಂದೇ ಸೂರಿನಡಿ ಮಲಗುವವರು, ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು, ಒಂದೇ ಗಂಟಿನಿಂದ ಖರ್ಚು ಮಾಡುವವರು. ಮೂರೂ ತಾಳೆಯಾಗುವುದು ಅಪರೂಪ. ದುಡಿಯಲು ದೂರ ಹೋದ ಮಗ ಸೂರಿನಡಿ ಇಲ್ಲ, ಗಂಟಿನಲ್ಲಿದ್ದಾನೆ. ಮುದುಕಿ ಸೂರಿನಡಿ ಇದ್ದಾಳೆ, ಒಲೆ ಬೇರೆ. ಪಶ್ಚಿಮ ಆಫ್ರಿಕಾದ ಅನೇಕ ಸಮಾಜಗಳಲ್ಲಿ ಗಂಡ ಹೆಂಡತಿ ಒಟ್ಟಿಗಿದ್ದರೂ ಗಂಟು ಬೇರೆ ಬೇರೆ, ಯಾವ ಖರ್ಚು ಯಾರದು ಅನ್ನುವುದಕ್ಕೂ ಕಟ್ಟುಪಾಡು ಇದೆ. ಅಂಥಲ್ಲಿ ‘ಕುಟುಂಬದ ಯಜಮಾನ’ನ ಖಾತೆಗೆ ಹಣ ಹಾಕಿದರೆ ಮಕ್ಕಳ ತಟ್ಟೆಗೆ ಬಂದೇ ಬರುತ್ತದೆ ಅನ್ನುವ ಊಹೆ ಕುಸಿಯುತ್ತದೆ. ಯೋಜನೆ ಸೋತದ್ದು ಜನರ ಅಜ್ಞಾನದಿಂದಲ್ಲ, ಅರ್ಜಿ ನಮೂನೆಯ ಒಂದು ಕಲಂನಿಂದ ಅಂತ ತೋರಿಸಲು ಆಗ ನಿಮಗೆ ಸಾಧ್ಯ.

‘ಮರ’ಕ್ಕೆ ಹೈಟಿಯ ಉದಾಹರಣೆ ನೋಡಿ. ಅಲ್ಲಿ ಮರ ನೆಡಿಸುವ ಯೋಜನೆಗಳು ಮತ್ತೆ ಮತ್ತೆ ಸೋತಿದ್ದವು. ಸರ್ಕಾರ ಕೊಟ್ಟ ಮರ ನೆಟ್ಟರೆ ನಾಳೆ ಮರವೂ ನೆಲವೂ ಸರ್ಕಾರದ್ದಾಗಬಹುದು ಅನ್ನುವ ಭಯ ರೈತರಿಗಿತ್ತು. ಮರವನ್ನು ಕಾಪಾಡಬೇಕಾದ ವಸ್ತುವಾಗಿ ಕೊಡಬೇಡಿ, ಬೆಳೆದು ಕಡಿದು ಮಾರುವ ಬೆಳೆಯಾಗಿ ಕೊಡಿ ಅಂತ ಮಾನವಶಾಸ್ತ್ರಜ್ಞ ಜೆರಾಲ್ಡ್ ಮರ್ರಿ ವಾದಿಸಿದರು. 1981ರಲ್ಲಿ ಅಮೆರಿಕದ ನೆರವಿನಿಂದ ಯೋಜನೆ ಶುರುವಾಯಿತು. ಬೇಗ ಬೆಳೆಯುವ ಜಾತಿಗಳು, ಹಗುರವಾದ ಸಣ್ಣ ಸಸಿಗಳು, ಹೊಲದ ಬದುವಿನಲ್ಲೋ ಬೆಳೆಯ ನಡುವೆಯೋ ನೆಡುವ ಕ್ರಮ, ಕಡಿಯುವ ಪೂರ್ಣ ಹಕ್ಕು ರೈತನದೇ. ಹಂಚಿಕೆಯೂ ಸರ್ಕಾರಿ ಇಲಾಖೆಯ ಮೂಲಕವಲ್ಲ, ಸ್ವಯಂಸೇವಾ ಸಂಸ್ಥೆಗಳ ಮೂಲಕ. ನಾಲ್ಕು ವರ್ಷದಲ್ಲಿ 30 ಲಕ್ಷ ಸಸಿ ಅನ್ನುವುದು ಗುರಿ, ನೆಟ್ಟದ್ದು 2 ಕೋಟಿ ದಾಟಿತು. ರೈತರಿಗೆ ಪರಿಸರ ಪಾಠ ಹೇಳಿ ಬಂದ ಫಲವಲ್ಲ ಇದು. ಬದಲಾದದ್ದು ಒಡೆತನದ ನಿಯಮ.

ಉತ್ತರ 2

ಮೇಲಿನ ಉತ್ತರ ಸರಿಯಾಗಿದೆ. ನಾನು ಆರು ವಾರದ ಲೆಕ್ಕ ಹೇಳುತ್ತೇನೆ.

ಮೊದಲ ವಾರ ಸಂದರ್ಶನ ಮಾಡಲೇಬೇಡಿ. ಸೇವೆ ಸಿಗುವ ಜಾಗದಲ್ಲಿ, ಅಂದರೆ ಕೌಂಟರ್, ಚಿಕಿತ್ಸಾಲಯ, ಪಡಿತರ ವಿತರಣೆಯಲ್ಲಿ, ಅನುಮತಿ ಪಡೆದು ದಿನಕ್ಕೆ ಎರಡು ಮೂರು ಗಂಟೆ ಕೂತು ನೋಡಿ. ಯಾರು ವಾಪಸ್ ಹೋದರು, ಯಾವ ಕಾಗದ ಇಲ್ಲ ಅಂತ, ಯಾರು ಯಾರನ್ನು ಜೊತೆಗೆ ಕರೆತಂದರು. ಅಲ್ಲಿ ಬರೆಯುವುದು ತುಂಡು ಪದಗಳಷ್ಟೇ, ಪೂರ್ಣ ಟಿಪ್ಪಣಿ ಅದೇ ರಾತ್ರಿ. ಒಂದು ಗಂಟೆಯ ಅವಲೋಕನಕ್ಕೆ ಬರವಣಿಗೆಗೂ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಮರುದಿನಕ್ಕೆ ಬಿಟ್ಟರೆ ಮಾತು ಮರೆತು ನಿಮ್ಮ ಅಭಿಪ್ರಾಯವಷ್ಟೇ ಉಳಿಯುತ್ತದೆ. ಕಂಡದ್ದು, ಕೇಳಿದ ಮಾತು ಇದ್ದ ಹಾಗೆ, ನಿಮಗೆ ಅನಿಸಿದ್ದು: ಮೂರನ್ನೂ ಬೇರೆ ಬೇರೆ ಬರೆಯಿರಿ. ಕೊನೆಯ ವಾರದಲ್ಲಿ ನಿಮ್ಮನ್ನು ಕಾಪಾಡುವುದು ಈ ಒಂದು ಶಿಸ್ತು.

ನಡುವಿನ ಮೂರು ವಾರ ಸಂದರ್ಶನ. ಸಂಖ್ಯೆಗೆ ಎಲ್ಲರೂ ಹೇಳುವುದು ‘12’. ಅದು ಸಂಶೋಧಕ ಗ್ರೆಗ್ ಗೆಸ್ಟ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಿಂದ ಬಂದದ್ದು. ಘಾನಾ ಮತ್ತು ನೈಜೀರಿಯಾದ 60 ಸಂದರ್ಶನಗಳಲ್ಲಿ ಮೊದಲ 12ರ ಹೊತ್ತಿಗೇ ಬಹುಪಾಲು ಹೊಸ ವಿಷಯ ಬಂದು ಮುಗಿದಿತ್ತು. ಆದರೆ ಅಲ್ಲಿ ಎಲ್ಲರೂ ಒಂದೇ ಬಗೆಯ ಹಿನ್ನೆಲೆಯ ಮಹಿಳೆಯರು, ವಿಷಯವೂ ಸೀಮಿತ. ಹಾಗಾಗಿ 12 ಅಂದರೆ ಒಂದು ಗುಂಪಿಗೆ 12. ಸೇವೆ ಪಡೆದವರು, ಅರ್ಹರಿದ್ದೂ ಪಡೆಯದವರು, ಕೊಡುವ ಸಿಬ್ಬಂದಿ ಅಂತ ಮೂರು ಗುಂಪಿದ್ದರೆ 36. ಆರು ವಾರದಲ್ಲಿ ಒಬ್ಬರ ಕೈಯಲ್ಲಿ ಇದಕ್ಕಿಂತ ಹೆಚ್ಚು ಆಗದು, ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು.

‘ಯಾಕೆ ಅರ್ಜಿ ಹಾಕಲಿಲ್ಲ?’ ಅಂತ ಕೇಳಿದರೆ ಸಿಗುವುದು ನೆಪ, ಯಾಕೆಂದರೆ ‘ಯಾಕೆ’ ಅನ್ನುವುದು ತಪ್ಪು ಹುಡುಕಿದಂತೆ ಕೇಳಿಸುತ್ತದೆ. ‘ಹೋದ ಸಲ ಅಲ್ಲಿಗೆ ಹೋದ ದಿನ ಬೆಳಿಗ್ಗೆಯಿಂದ ಏನೇನಾಯಿತು, ಹೇಳಿ’ ಅನ್ನಿ. ‘ಕೆಲಸ ಮಾಡುತ್ತೀರಾ?’ ಅಂದರೆ ಹೊಲದಲ್ಲಿ ದಿನವಿಡೀ ದುಡಿಯುವ ಹೆಂಗಸೂ ‘ಇಲ್ಲ’ ಅನ್ನಬಹುದು. ನಿನ್ನೆಯ ದಿನವನ್ನು ಗಂಟೆ ಗಂಟೆಗೆ ಹೇಳಿಸಿ.

ಗ್ರಾಮೀಣಾಭಿವೃದ್ಧಿಯ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಎಚ್ಚರಿಸಿದ ಪಕ್ಷಪಾತಗಳೂ ನೆನಪಿರಲಿ: ಡಾಂಬರು ರಸ್ತೆಯ ಪಕ್ಕದವರನ್ನಷ್ಟೇ ನೋಡುವುದು, ಮಳೆಯಿಲ್ಲದ ಕಾಲದಲ್ಲೇ ಹೋಗುವುದು, ಅಧಿಕಾರಿ ತೋರಿಸಿದ ಮಾದರಿ ಊರಿಗೇ ಹೋಗುವುದು.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಆದರೆ ಮೌಲ್ಯಮಾಪನ ಮಾಡುವವರು ‘36 ಜನರ ಮಾತಿನಿಂದ ಏನು ಸಾಬೀತಾಯಿತು, ಅಂಕಿ ಎಲ್ಲಿ?’ ಅನ್ನುತ್ತಾರೆ.

ಉತ್ತರ 3

ಶೇಕಡಾವಾರು ಕೊಡಲು ಹೋಗಬೇಡಿ, ಅಲ್ಲೇ ಸಿಕ್ಕಿಬೀಳುತ್ತೀರಿ. ಎಷ್ಟು ಜನ ಹೊರಗುಳಿದರು ಅನ್ನುವುದಕ್ಕೆ ಸಮೀಕ್ಷೆ ಬೇಕು, ಹೇಗೆ ಹೊರಗುಳಿದರು ಅನ್ನುವುದಕ್ಕೆ ನಿಮ್ಮ ಕೆಲಸ. ಎರಡರ ನಡುವೆ ಎಣಿಸಬಹುದಾದ ಒಂದು ವಿಧಾನವಿದೆ: ಕಾರ್ಡು ವಿಂಗಡಣೆ. ಊರಿನ ಪ್ರತಿ ಮನೆಗೊಂದು ಕಾರ್ಡು ಮಾಡಿ. ಊರನ್ನು ಚೆನ್ನಾಗಿ ಬಲ್ಲ ಮೂರು ನಾಲ್ಕು ಜನರಿಂದ, ಒಬ್ಬರ ಎದುರು ಇನ್ನೊಬ್ಬರಿಲ್ಲದ ಹಾಗೆ, ಅನುಕೂಲಸ್ಥರಿಂದ ಬಡವರವರೆಗೆ ಗುಡ್ಡೆ ಮಾಡಿಸಿ. ಎಷ್ಟು ಗುಡ್ಡೆ ಅನ್ನುವುದು ಅವರಿಗೇ ಬಿಟ್ಟದ್ದು. ಗುಡ್ಡೆಗಳ ಸಂಖ್ಯೆ ಬೇರೆ ಬೇರೆ ಇರುವುದರಿಂದ ಪ್ರತಿ ಮನೆಯ ಗುಡ್ಡೆ ಸಂಖ್ಯೆಯನ್ನು ಒಟ್ಟು ಗುಡ್ಡೆಗಳಿಂದ ಭಾಗಿಸಿ 100ರಿಂದ ಗುಣಿಸಿ, ಆಮೇಲೆ ಸರಾಸರಿ ತೆಗೆಯಿರಿ. ಇದನ್ನು ಸರ್ಕಾರಿ ಬಡತನ ಪಟ್ಟಿಯ ಪಕ್ಕದಲ್ಲಿಟ್ಟು, ಎರಡೂ ಹೊಂದದ ಮನೆಗಳಿಗೇ ಸಂದರ್ಶನಕ್ಕೆ ಹೋಗಿ. ವಿಂಗಡಿಸುವವರೆಲ್ಲ ಒಂದೇ ಬಣದವರಾದರೆ ಇಡೀ ಫಲಿತಾಂಶ ಕೆಡುತ್ತದೆ, ಒಬ್ಬರಾದರೂ ಹೆಂಗಸು, ಒಬ್ಬರಾದರೂ ಊರಂಚಿನವರು ಇರಲಿ.

ಉತ್ತರ 4

ಒಂದು ಮಾತು ಸೇರಿಸಬೇಕು. ‘ಅವರ ಸಂಸ್ಕೃತಿಯೇ ಹಾಗೆ’ ಅನ್ನುವ ವಾಕ್ಯ ನಿಮ್ಮ ಕರಡಿನಲ್ಲಿ ಎಲ್ಲಿದ್ದರೂ ಹೊಡೆದುಹಾಕಿ. ಅದು ವಿಶ್ಲೇಷಣೆಯನ್ನು ಅಲ್ಲಿಗೇ ನಿಲ್ಲಿಸುತ್ತದೆ. ಬಾಲಿಯಲ್ಲಿ 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೆಸರಿನಲ್ಲಿ, ಯಾವ ಗದ್ದೆಗೆ ಯಾವಾಗ ನೀರು ಅಂತ ಗೊತ್ತುಮಾಡುವ ನೀರಿನ ದೇವಾಲಯಗಳ ಸರದಿ ಬಿಟ್ಟು ಆದಷ್ಟು ಸಲ ಭತ್ತ ಹಾಕಿ ಅಂತ ರೈತರಿಗೆ ಹೇಳಲಾಯಿತು. ಸರದಿ ಬರೀ ಪೂಜೆ ಅಂತ ಅಂದುಕೊಂಡಿದ್ದರು. ಆ ಸರದಿಯಿಂದಲೇ ಅಕ್ಕಪಕ್ಕದ ಗದ್ದೆಗಳೆಲ್ಲ ಒಟ್ಟಿಗೆ ಖಾಲಿ ಬಿದ್ದು ಕೀಟಕ್ಕೆ ಆಹಾರವಿಲ್ಲದಂತಾಗುತ್ತಿತ್ತು, ನೀರೂ ಹಂಚಿಹೋಗುತ್ತಿತ್ತು. ಸರದಿ ಮುರಿದ ಮೇಲೆ ಜಿಗಿಹುಳು, ಇಲಿ, ನೀರಿನ ಅಭಾವ ಒಟ್ಟಿಗೇ ಬಂದವು. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಪರಿಸರ ವಿಜ್ಞಾನಿಯೊಬ್ಬರ ಜೊತೆ ಕಂಪ್ಯೂಟರ್ ಮಾದರಿ ಕಟ್ಟಿ ಇದನ್ನು ತೋರಿಸಿದರು. ನಿಮ್ಮ ಮೌಲ್ಯಮಾಪಕರಿಗೆ ಅಂಕಿ ಬೇಕಿದ್ದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಇನ್ನು ಗೋಪ್ಯತೆ. ಹೆಸರು ತೆಗೆದರೆ ಸಾಲದು. ‘ಊರಿನ ದಾದಿ ಹೇಳಿದರು’ ಅಂತ ಬರೆದರೆ, ಅಲ್ಲಿರುವುದು ಒಬ್ಬರೇ ದಾದಿಯಾದರೆ, ಅವರ ಮೇಲಧಿಕಾರಿಗೆ ವರದಿ ಓದಿದ ಕೂಡಲೇ ಗೊತ್ತಾಗುತ್ತದೆ. ‘ಆರೋಗ್ಯ ಸಿಬ್ಬಂದಿಯೊಬ್ಬರು’ ಅನ್ನಿ, ಊರಿನ ಗುರುತನ್ನೂ ತೆಗೆಯಿರಿ. ಹೆಸರು-ಸಂಕೇತದ ಪಟ್ಟಿ ಟಿಪ್ಪಣಿಗಳ ಜೊತೆಗಿರದೆ ಬೇರೆ ಕಡೆ ಇರಲಿ. ಅವರ ಮಾತನ್ನು ಉಲ್ಲೇಖಿಸುವ ಮುನ್ನ ಆ ವಾಕ್ಯವನ್ನು ಅವರಿಗೇ ಓದಿ ಹೇಳಿ, ಬೇಡ ಅಂದರೆ ತೆಗೆದುಬಿಡಿ.