ಕಾಲೇಜು ಮಕ್ಕಳಿಗಾಗಿ ಮೂರು ಕ್ರೈಸ್ತ ಸಭೆಗಳು ಒಟ್ಟಾಗುವುದು ಹೇಗೆ? ಅನುಭವ ಇದ್ದವರು ಹೇಳಿ

ಮಂಜೇಶ್ವರದಿಂದ ಕೇಳಿದ್ದು:
ನಮ್ಮಲ್ಲಿ ಕಥೋಲಿಕರು, ಸಿ.ಎಸ್.ಐ.ಯವರು (ಪ್ರೊಟೆಸ್ಟಂಟರ ದಕ್ಷಿಣ ಭಾರತ ಸಭೆ), ಒಂದು ಪೆಂತೆಕೊಸ್ತ ಸಭೆಯವರು ಸೇರಿ ಕಾಲೇಜು ಮಕ್ಕಳಿಗಾಗಿ ಸೇವೆ ಶುರು ಮಾಡುವ ಅಂತ ಮಾತಾಗಿದೆ. ಒಬ್ಬೊಬ್ಬರ ಹತ್ತಿರ ಐದಾರು ಮಕ್ಕಳು, ಹಣವೂ ಅಷ್ಟಕ್ಕಷ್ಟೆ. ಎಲ್ಲಿಂದ ಹಿಡಿಯಬೇಕು?

ವಿದ್ಯಾನಗರದ ಕಡೆಯಿಂದ:
ಎಂಟು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮೊದಲು ಮೂರೂ ಕಡೆಯ ಹಿರಿಯರು ಎದುರುಬದುರು ಕೂತು, ಯಾವ ಮಗುವನ್ನೂ ಅದರ ಸಭೆಯಿಂದ ನಮ್ಮ ಕಡೆಗೆ ಎಳೆಯುವುದಿಲ್ಲ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ನಾವು ಹೇಳಿಕೊಳ್ಳದೆ ಶುರು ಮಾಡಿದೆವು. ಎರಡನೇ ವರ್ಷ ಒಬ್ಬಳು ಹುಡುಗಿಗೆ ಯಾರೋ 'ಮತ್ತೆ ದೀಕ್ಷಾಸ್ನಾನ ತೆಗೆದುಕೋ' ಅಂದರು, ಅಂದರೆ ಅವಳ ಸಭೆಯಲ್ಲಿ ಆದದ್ದು ಸಾಲದು ಅಂತ. ಮರುವಾರ ಅವಳ ಅಪ್ಪ ಬಂದು ಕರಕೊಂಡು ಹೋದರು. ಅವಳ ಹಿಂದೆ ನಾಲ್ವರು ಬಿಟ್ಟರು. ಆ ಮನೆಗಳಿಗೆ ಹೋಗಿ ಹೋಗಿ ಮತ್ತೆ ವಿಶ್ವಾಸ ಗಳಿಸಲು ಒಂದೂವರೆ ವರ್ಷ ಬೇಕಾಯಿತು.

ಭಾನುವಾರವನ್ನು ಮುಟ್ಟಬೇಡಿ, ಅದು ಅವರವರ ಸಭೆಗೇ ಇರಲಿ. ಪರಮಪ್ರಸಾದ, ಕರ್ತನ ಭೋಜನ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು) ಒಟ್ಟಿಗೆ ಆಗುವುದಿಲ್ಲ, ಅದಕ್ಕೆ ಯಾರೂ ಬೇಸರಪಡಬಾರದು. ನಾವು ಸೇರುವುದು ಶುಕ್ರವಾರ ಸಂಜೆ: ಹಾಡು, ಬೈಬಲ್ ವಾಕ್ಯ, ಊಟ. ಊಟದಲ್ಲೂ ಒಮ್ಮೆ ತಪ್ಪಿದೆವು. ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಶುಕ್ರವಾರ, ಕಥೋಲಿಕರು ಮಾಂಸ ತಿನ್ನದ ದಿನ, ಕೋಳಿ ಮಾಡಿಬಿಟ್ಟಿದ್ದೆವು. ಕಥೋಲಿಕ ಮಕ್ಕಳು ಏನೂ ಹೇಳದೆ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಉಂಡರು. ಆ ತಟ್ಟೆಗಳನ್ನು ನೋಡಿ ನನಗೆ ತುತ್ತು ಇಳಿಯಲಿಲ್ಲ. ಈಗ ಆ ದಿನಗಳಲ್ಲಿ ಮೀನು ಸಾರು.

ಬೈಬಲ್ ವಿಷಯವೂ ಉಂಟು. ಕಥೋಲಿಕರಲ್ಲಿ 73 ಗ್ರಂಥ, ಉಳಿದವರಲ್ಲಿ 66. ಕನ್ನಡ ಅನುವಾದವೂ ಬೇರೆ. 23ನೇ ಕೀರ್ತನೆ ಓದುವಾಗ ಒಬ್ಬ 'ಯೆಹೋವನು ನನಗೆ ಕುರುಬನು' ಅಂದ, ಪಕ್ಕದವಳು 'ನಮ್ಮದರಲ್ಲಿ ಕುರಿಗಾಹಿ ಅಂತ ಉಂಟು' ಅಂದಳು. ಎರಡನ್ನೂ ಜೋರಾಗಿ ಓದಿಸಿದೆವು. ಆ ಸಂಜೆ ಅವರು ಮಾತಾಡಿದಷ್ಟು ನಮ್ಮ ಯಾವ ಪ್ರಸಂಗಕ್ಕೂ ಮಾತಾಡಿದ್ದಿಲ್ಲ. ಸುವಾರ್ತೆಗಳಿಂದ (ಯೇಸುವಿನ ಜೀವನ ಹೇಳುವ ನಾಲ್ಕು ಗ್ರಂಥಗಳು) ಶುರು ಮಾಡಿ, ಅಲ್ಲಿ ಗ್ರಂಥಗಳ ಲೆಕ್ಕದ ತಕರಾರು ಬರುವುದಿಲ್ಲ.

ಸರಕಾರಿ ಕಾಲೇಜಿನ ಒಳಗೆ ಕೂಟ ಬೇಡ, ಚರ್ಚ್ ಹಾಲ್ ಸಾಕು.

ಕುಂಬಳೆಯಿಂದ:
ಹಣದ ಬಗ್ಗೆ. ಎಲ್ಲರಿಂದ ಸಮಪಾಲು ಕೇಳಿದರೆ ಚಿಕ್ಕ ಸಭೆ ನಾಚಿಕೊಂಡು ಹಿಂದೆ ಸರಿಯುತ್ತದೆ. ನಮ್ಮಲ್ಲಿ ಒಬ್ಬರದು ಹಾಲ್, ಒಬ್ಬರದು ಅಕ್ಕಿ, ಒಬ್ಬರದು ರಾತ್ರಿ ಮಕ್ಕಳನ್ನು ಬಿಟ್ಟುಬರುವ ಜೀಪು. ಕೈಯಲ್ಲಿರುವ ದುಡ್ಡಿನ ಲೆಕ್ಕವನ್ನು ತಿಂಗಳಿಗೊಮ್ಮೆ ಮೂರೂ ಸಭೆಯಲ್ಲಿ ಓದುತ್ತೇವೆ. ಮತ್ತೆ, ಇದೇನೂ ಹೊಸತಲ್ಲ. ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ನಮ್ಮ ದೇಶದಲ್ಲಿ 1912ರಿಂದ ಉಂಟು, ಕಥೋಲಿಕ ವಿದ್ಯಾರ್ಥಿಗಳ ಸಂಘಟನೆ ಐಕಫ್ 1924ರಿಂದ. ಹತ್ತಿರದಲ್ಲಿ ಇವರ ಘಟಕ ಇದ್ದರೆ ಮೊದಲು ಅವರನ್ನು ಕೇಳಿ. ಒಟ್ಟಿಗೆ ಆರಾಧನೆಗೆ ಜನವರಿ 18ರಿಂದ 25ರ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರ ಒಳ್ಳೆಯ ಸಮಯ, ಹಿರಿಯರೂ ಬೇಡ ಅನ್ನುವುದಿಲ್ಲ.

ಪೆರಿಯದಲ್ಲಿ ಓದಿದವನು:
ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಬಂದಾಗ ನನಗೆ ಕನ್ನಡ, ಕೊಂಕಣಿ ಬರುತ್ತಿತ್ತು, ಮಲಯಾಳಂ ಅರ್ಧಂಬರ್ಧ. ರೂಮಿನಲ್ಲಿದ್ದವನು ಒಡಿಶಾದವನು, ಅವನಿಗೆ ಇವು ಮೂರೂ ಇಲ್ಲ. ಅವನಿಗೆ ಜ್ವರ ಬಂದ ರಾತ್ರಿ ಮಲಯಾಳಿ ಸಭೆಯ ಒಬ್ಬ ಚೇಟ್ಟನ್ (ಅಣ್ಣ) ಆಟೋ ತಂದು, ಬೆಳಗಿನವರೆಗೆ ಆಸ್ಪತ್ರೆಯಲ್ಲಿ ಕೂತರು. ಅವರು ಪ್ರಸಂಗ ಮಾಡುವವರೇ ಅಲ್ಲ. ಜೂನ್-ಜುಲೈಯಲ್ಲಿ ಹೊಸ ಮಕ್ಕಳು ಬರುವ ಮೊದಲೇ ಮೂರೂ ಸಭೆಯಿಂದ ಇಂಥವರ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದಿಡಿ, ಯಾರಿಗೆ ಯಾವ ಭಾಷೆ ಬರುತ್ತದೆ ಅಂತಲೂ ಬರೆಯಿರಿ. ಪರೀಕ್ಷೆಯ ತಿಂಗಳು ಕೂಟ ನಿಲ್ಲಿಸಿ, ಹಾಲ್ ಮಾತ್ರ ರಾತ್ರಿ ಹತ್ತರವರೆಗೆ ಓದಲು ತೆರೆದಿಡಿ.

ಕೇಳಿದವರು:
ಎಲ್ಲರಿಗೂ ವಂದನೆ. ಎಳೆಯುವುದಿಲ್ಲ ಎಂಬ ಮಾತನ್ನು ನಮ್ಮ ಸಭೆಯಿಂದಲೇ ಮೊದಲು ಹೇಳಿಸುತ್ತೇನೆ, ಮಿಕ್ಕವರಿಗೆ ಅಂಜಿಕೆ ಇರುವುದು ನಮ್ಮ ಬಗ್ಗೆಯೇ. ಚೀಟಿಗೆ ಕೊಂಕಣಿ, ಮಲಯಾಳಂ ಬಲ್ಲವರು ಸಿಕ್ಕಿದ್ದಾರೆ. ಹಿಂದಿ ಬಲ್ಲವರನ್ನು ಹುಡುಕಬೇಕು.