ಹಳೇ ಕತ್ತಿಯ ಅಲಗಿನಲ್ಲಿ ಉದ್ದಕ್ಕೆ ತೋಡು ಯಾಕಿರುತ್ತದೆ?

ಪ್ರಶ್ನೆ (ಮಧುಗಿರಿಯಿಂದ): ಸರ್, ನಮ್ಮ ಮನೇಲಿ ಮುತ್ತಾತನ ಕಾಲದ ಕತ್ತಿ ಇದೆ, ಆಯುಧಪೂಜೆಗೆ ಮಾತ್ರ ಹೊರಗೆ ತೆಗೆಯುತ್ತೇವೆ. ಅಲಗಿನ ಎರಡೂ ಕಡೆ ಹಿಡಿಯಿಂದ ಶುರುವಾಗಿ ಉದ್ದಕ್ಕೆ ಒಂದು ತೋಡು ಇದೆ, ಕಿರುಬೆರಳು ಕೂರುವಷ್ಟು ಅಗಲ. ಅದು ರಕ್ತ ಹರಿಯೋಕೆ, ಇಲ್ಲದಿದ್ದರೆ ಚುಚ್ಚಿದ ಕತ್ತಿ ಕಚ್ಚಿಕೊಂಡು ಹೊರಗೆ ಬರಲ್ಲ ಅಂತ ಚಿಕ್ಕಪ್ಪ ಹೇಳುತ್ತಾರೆ. ನಿಜಾನಾ?

ಉತ್ತರ: ನಿಜ ಅಲ್ಲ. ಈ ಮಾತು ಬೇರೆ ದೇಶಗಳಲ್ಲೂ ಇದೆ, ಹಳೇ ಆಯುಧಗಳ ತುಕ್ಕು ಬಿಡಿಸಿ ಕಾಪಾಡುವ ನನ್ನ ಕೆಲಸದಲ್ಲಿ ಜಾಸ್ತಿ ಕೇಳುವ ಪ್ರಶ್ನೆಯೂ ಇದೇ. ತೋಡು ಇದ್ದರೂ ಇಲ್ಲದಿದ್ದರೂ ಕತ್ತಿ ಹೊರಗೆ ಬರುತ್ತದೆ.

ತೋಡು ಇರುವುದು ತೂಕ ಇಳಿಸೋಕೆ. ಒಂದು ಕೈಯಲ್ಲಿ ಬೀಸುವ ಕತ್ತಿ ಹೆಚ್ಚೂಕಡಿಮೆ 1 ಕಿಲೋ ಆಸುಪಾಸು ಇರಬೇಕು, ಅದಕ್ಕಿಂತ ತುಂಬಾ ಭಾರವಾದರೆ ತೋಳು ಬೇಗ ಸೋಲುತ್ತದೆ. ಹಗುರ ಮಾಡೋಣ ಅಂತ ಇಡೀ ಅಲಗನ್ನೇ ತೆಳ್ಳಗೆ ಬಡಿದರೆ ಅದು ಬಳುಕುತ್ತದೆ, ಯಾಕೆಂದರೆ ಚಪ್ಪಟೆ ಪಟ್ಟಿಯ ದಪ್ಪ ಅರ್ಧವಾದರೆ ಬಿಗಿತ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಲಗಿಗೆ ಬಿಗಿತ ಕೊಡುವುದು ಹೆಚ್ಚಾಗಿ ದಪ್ಪ ಉಳಿದ ಭಾಗವೇ. ಹಾಗಾಗಿ ಎರಡು ಬದಿಯ ದಪ್ಪ ಉಳಿಸಿಕೊಂಡು ನಡುವೆ ತೋಡುತ್ತಾರೆ. ರೈಲು ಹಳಿಯನ್ನು ಅಡ್ಡ ಕೊಯ್ದರೆ ನಡು ಸಣ್ಣಗಿರುತ್ತದಲ್ವಾ, ಆಕಾರ ಹೆಚ್ಚೂಕಡಿಮೆ ಹಾಗೇ. ತೋಡಿದ ಮೇಲೆ ಬಿಗಿತ ಸ್ವಲ್ಪ ಕಡಿಮೆಯಾಗುವುದು ನಿಜ, ಆದರೆ ಅಷ್ಟೇ ತೂಕ ಇಳಿಸೋಕೆ ಇಡೀ ಅಲಗನ್ನು ತೆಳ್ಳಗೆ ಮಾಡಿದರೆ ಉಳಿಯುವ ಬಿಗಿತಕ್ಕಿಂತ ಜಾಸ್ತಿ ಉಳಿಯುತ್ತದೆ.

ನಿಮ್ಮ ಕತ್ತಿಯ ತೋಡು ಎಲ್ಲಿ ನಿಲ್ಲುತ್ತದೆ ನೋಡಿ. ಮೊನೆಗೆ ಮುಂಚೆಯೇ ಮೆಲ್ಲಗೆ ಮೇಲೆದ್ದು ಮುಗಿದಿದ್ದರೆ ಅದು ಬೇಕೆಂದೇ ಮಾಡಿದ್ದು, ಚುಚ್ಚುವ ತುದಿಗೆ ದಪ್ಪ ಬೇಕು. ಇದನ್ನು ಎರಡು ಥರ ಮಾಡುತ್ತಿದ್ದರು. ಒಂದು, ಅಲಗು ಕೆಂಪಗೆ ಕಾದಿದ್ದಾಗ ಗುಂಡುಬಾಯಿಯ ಸಲಕರಣೆ ಇಟ್ಟು ಸುತ್ತಿಗೆಯಲ್ಲಿ ಬಡಿದು ಒತ್ತುವುದು. ಆಗ ಲೋಹ ವ್ಯರ್ಥವಾಗುವುದಿಲ್ಲ, ಪಕ್ಕಕ್ಕೆ ಸರಿದು ಅಲಗು ಅಗಲವಾಗುತ್ತದೆ. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಇದೇನು ಸಣ್ಣ ಲಾಭ ಅಲ್ಲ. ಇನ್ನೊಂದು, ತಣ್ಣಗಾದ ಮೇಲೆ ಕೆರೆದು ಅಥವಾ ಸಾಣೆ ಹಿಡಿದು ತೆಗೆಯುವುದು.

ಮರುಪ್ರಶ್ನೆ (ಶಿರಾದಿಂದ): ಹಾಗಾದರೆ ಎಷ್ಟೋ ತಲ್ವಾರ್‌ಗಳಲ್ಲಿ ತೋಡೇ ಇರಲ್ಲವಲ್ಲ ಅಣ್ಣ? ಅವು ಕಳಪೆನಾ?

ಉತ್ತರ: ಖಂಡಿತ ಅಲ್ಲ. ಅಲಗು ಮೊದಲೇ ತೆಳ್ಳಗಿದ್ದರೆ ತೋಡಿನ ಅಗತ್ಯ ಇಲ್ಲ. ನಮ್ಮ ಖಂಡ ಅನ್ನುವ ನೇರ ಕತ್ತಿ ನೋಡಿ, ತೆಳು ಅಲಗಿನ ಬೆನ್ನಿಗೆ ಒಂದು ಪಟ್ಟಿ ಕೂರಿಸಿ ಬಿಗಿ ಮಾಡಿರುತ್ತಾರೆ, ಅಂದರೆ ತೆಗೆಯುವ ಬದಲು ಸೇರಿಸಿದ್ದಾರೆ. ಯುರೋಪಿನಿಂದ ಬಂದ ಅಲಗಿಗೆ ಇಲ್ಲಿನ ಹಿಡಿ ಹಾಕಿದ ಫಿರಂಗಿ ಕತ್ತಿಗಳಲ್ಲಿ ತೋಡು ಸಾಮಾನ್ಯ, ಕೆಲವದರಲ್ಲಿ ಎರಡು ಮೂರು ಜೊತೆಜೊತೆಗೇ ಇರುತ್ತವೆ.

ಮರುಪ್ರಶ್ನೆ (ಮಧುಗಿರಿಯವರೇ): ತೋಡಿನೊಳಗೆ ತುಕ್ಕು ಕೂತಿದೆ ಸರ್. ಹುಣಸೆಹಣ್ಣು ಹಾಕಿ ಉಜ್ಜಿ, ಮರಳು ಕಾಗದ ಹೊಡೆದುಬಿಡಲಾ?

ಉತ್ತರ: ದಯವಿಟ್ಟು ಬೇಡ, ಎರಡೂ ಬೇಡ! ಹುಳಿ ಉಕ್ಕನ್ನು ತಿನ್ನುತ್ತದೆ. ಮರಳು ಕಾಗದ ತೋಡಿನ ಅಂಚನ್ನು ಮೊಂಡು ಮಾಡಿ, ಮೇಲ್ಮೈಯಲ್ಲಿ ಹಳೇ ಉಕ್ಕಿನ ನೀರಲೆಯಂಥ ಗೆರೆಗಳ ಚಿತ್ತಾರ ಇದ್ದರೆ ಅದನ್ನೂ ಅಳಿಸಿಬಿಡುತ್ತದೆ. ನಿಮ್ಮ ಊರಿನ ವಿಷಯದಲ್ಲಿ ಇದು ಬರೀ ಮಾತಲ್ಲ. 1800ರಲ್ಲಿ ಈ ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗದ ಕಡೆ ಕಬ್ಬಿಣ ಕರಗಿಸುತ್ತಿದ್ದರೆಂದು ಬರೆದಿದ್ದಾನೆ, ಇಲ್ಲಿನ ಉಕ್ಕು ಕಲ್ಲುಕುಟಿಗರ ಉಳಿಗೆ, ಕತ್ತಿಯ ಅಲಗಿಗೆ, ವಾದ್ಯದ ತಂತಿಗೆ ಹೋಗುತ್ತಿತ್ತಂತೆ. ನಿಮ್ಮದು ಆ ಉಕ್ಕೇ ಅಂತ ಫೋಟೋ ನೋಡದೆ ನಾನು ಹೇಳುವುದಿಲ್ಲ. ಆದರೆ ಉಜ್ಜಿ ತೆಗೆದ ಮೇಲೆ ಯಾರಿಂದಲೂ ಹೇಳೋಕಾಗಲ್ಲ.

ಹಗುರ ಮೆಷಿನ್ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹತ್ತಿ ಬಟ್ಟೆ ಸುತ್ತಿದ ಬಿದಿರು ಕಡ್ಡಿಯಿಂದ ತೋಡಿನ ಉದ್ದಕ್ಕೇ ಒರೆಸಿ, ಅಡ್ಡಡ್ಡ ಉಜ್ಜಬೇಡಿ. ಕೆಂಪು ಪುಡಿ ಬರುವುದು ನಿಂತರೆ ಸಾಕು, ಕಪ್ಪಾಗಿ ಉಳಿದದ್ದು ಹಾಗೇ ಇರಲಿ. ಪೂಜೆಯ ಕುಂಕುಮ, ನೀರು ಆವತ್ತೇ ಒರೆಸಿಬಿಡಿ. ಒರೆ ತೊಗಲಿನದಾದರೆ ಕತ್ತಿಯನ್ನು ಅದರೊಳಗೆ ಇಡಬೇಡಿ, ತೊಗಲು ತೇವ ಹಿಡಿಯುತ್ತದೆ. ಹಗಲು ಬೆಳಕಲ್ಲಿ ಹಿಡಿಯ ಹತ್ತಿರದ್ದು ಒಂದು, ತೋಡು ಮುಗಿಯುವ ಜಾಗದ್ದು ಒಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.